ಚಟ ಬಿಡಿಸೋದು ಒಂದು ಕಡೆ, ಮನಸ್ಸಿಗೆ ಮದ್ದು ಇನ್ನೊಂದು ಕಡೆ: ರೋಗಿ ಹೋಗೋದೆಲ್ಲಿಗೆ?

ಬ್ಯಾಡಗಿ, ರಾಣೆಬೆನ್ನೂರು ಕಡೆ ಒಬ್ಬ ಕುಡಿತಕ್ಕೆ ಬಿದ್ದರೆ 'ಚಟ ಬಿಡಿಸ್ರಿ' ಅಂತಾರೆ. ಅವನೇ ಯಾರೋ ಕಿವಿಯಲ್ಲಿ ಮಾತಾಡಿದಂತಾಗ್ತದೆ ಅಂದರೆ 'ತಲಿ ಕೆಟ್ಟೈತಿ' ಅಂತಾರೆ. ಎರಡೂ ಒಬ್ಬರಲ್ಲೇ ಇರಬಹುದು. ವೈದ್ಯರು ಅದನ್ನು 'ಡ್ಯುಯಲ್ ಡಯಾಗ್ನೋಸಿಸ್' ಎನ್ನುತ್ತಾರೆ. ಖಿನ್ನತೆ ಮರೆಯಲು ಕುಡಿತ, ಕುಡಿತದಿಂದ ಇನ್ನಷ್ಟು ಖಿನ್ನತೆ. ಒಂದಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರೆ ಇನ್ನೊಂದು ಮತ್ತೆ ಕೆಳಗೆಳೆಯುತ್ತದೆ.

ದಾಖಲಾಗುವುದು ಯಾಕೆ?
ವಿಪರೀತ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರಬಹುದು, ಜೀವಕ್ಕೂ ಅಪಾಯ. ಹಾಗಾಗಿ ಮೊದಲ ದಿನಗಳಲ್ಲಿ ವೈದ್ಯರ ನಿಗಾ ಬೇಕು. ಆಮೇಲೆ ಎರಡೂ ಕಾಯಿಲೆಗೆ ಔಷಧಿ, ಆಪ್ತಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ. ಬೀಗ ಹಾಕಿ ಕೂಡಿಸುವುದು ಚಿಕಿತ್ಸೆಯಲ್ಲ.

ಕಾನೂನು ಏನು ಹೇಳುತ್ತೆ?
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಯನ್ನೂ ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿದೆ. ಕಲಂ 18ರ ಪ್ರಕಾರ ಚಿಕಿತ್ಸೆಗಾಗಿ ಯಾರೂ ದೂರ ಅಲೆಯುವಂತಾಗಬಾರದು. ಕಲಂ 95 ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸುತ್ತದೆ.

ಆದರೆ ಈ ಭಾಗದ ದೊಡ್ಡ ಸರ್ಕಾರಿ ಮನೋರೋಗ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಹಾವೇರಿಯಿಂದಲೇ ಹತ್ತಿರ ಹತ್ತಿರ ನೂರು ಕಿ.ಮೀ.; ಬ್ಯಾಡಗಿ, ರಾಣೆಬೆನ್ನೂರಿನವರಿಗೆ ಇನ್ನೂ ದೂರ. ದಿನಗೂಲಿ ಬಿಟ್ಟು ಜೊತೆಗೆ ಹೋಗಿ ಇರೋರು ಯಾರು?

ತೊಡಕು ಎಲ್ಲಿದೆ?
ಮನೋರೋಗ ಆರೋಗ್ಯ ಇಲಾಖೆಯ ಪಾಲು. ಸ್ವಯಂಸೇವಾ ಸಂಸ್ಥೆಗಳ ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಕೊಡುವುದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ. ಕಡತ ಎರಡಾದರೂ ರೋಗಿ ಒಬ್ಬನೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯವ್ಯಸನದ ತೊಂದರೆಯಿದ್ದ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಸೇರಿಸುವ ಮುನ್ನ ಕೇಳಿ
ಕೇಂದ್ರ ಈ ಕಾಯ್ದೆಯಡಿ ನೋಂದಣಿಯಾಗಿದೆಯೇ? ಮನೋವೈದ್ಯರು ಬರ್ತಾರಾ? ಈಗಾಗಲೇ ತಗೊಳ್ತಿರೋ ಮನೋರೋಗದ ಮಾತ್ರೆ ಮುಂದುವರಿಸ್ತಾರಾ? ಮನೆಯವರು ಭೇಟಿಯಾಗಬಹುದೇ? ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

2025-26ಕ್ಕೆ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಹೆಂಡದಂಗಡಿ ಊರ ಬಾಗಿಲಿಗೇ ಬರುವುದಾದರೆ, ಎರಡೂ ಕಾಯಿಲೆಗೆ ಒಂದೇ ಸೂರಿನಡಿ ಚಿಕಿತ್ಸೆ ಕೊಡುವ ವಾರ್ಡು ಜಿಲ್ಲಾಸ್ಪತ್ರೆಗೆ ಯಾಕೆ ಬರಬಾರದು? ಮುಂದಿನ ಸಲ ವೋಟು ಕೇಳಲು ಬಂದವರಿಗೆ ನಾನು ಕೇಳೋದು ಇದನ್ನೇ. ನೀವೂ ಕೇಳಿ.