ಪಟ್ಟಿಯೊಳಗಿನ ಧರ್ಮ

ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪಾಜಿ ಮಂಡಿಯಿಂದ ತಂದ ಪಟ್ಟಿಯನ್ನು ಮತ್ತೊಮ್ಮೆ ಕೂಡಿ ಕಳೆದು ನೋಡುವ ಕೆಲಸ ನನ್ನದಾಗಿತ್ತು. ಚನ್ನಗಿರಿ ಸೀಮೆಯಲ್ಲಿ ಸಣ್ಣ ತೋಟ ನಮ್ಮದು; ವರ್ಷಕ್ಕೆ ನಾಲ್ಕಾರು ಚೀಲ ರಾಶಿ ಅಡಿಕೆ. ಪಟ್ಟಿಯಲ್ಲಿ ತೂಕ, ದರ, ಅದರ ಕೆಳಗೆ ಹಮಾಲಿ, ದಲಾಲಿ, ಮುಂಗಡದ ಬಡ್ಡಿ. ಎಲ್ಲದರ ಕೊನೆಗೆ ಚಿಕ್ಕ ಅಕ್ಷರದಲ್ಲಿ ‘ಧರ್ಮ’ ಎಂದೊಂದು ಸಾಲು. ಇದೇನೆಂದು ಕೇಳಿದರೆ, “ಅದು ದೇವರ ಲೆಕ್ಕ ಕಣವ್ವ, ಕೇಳಬಾರದು” ಎಂದರು.

ಅದು ನಮ್ಮ ಮಂಡಿಯೊಂದರದೇ ಪದ್ಧತಿಯಲ್ಲವೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಲಾರ್ಡ್ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರ ವರದಿಯಲ್ಲಿಯೇ ಇಂಥ ಕಡಿತಗಳ ಪ್ರಸ್ತಾಪ ಮಾಡಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತ್ತು. ನಮ್ಮ ರಾಜ್ಯದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಕಾನೂನು ಒಪ್ಪದ ಕಡಿತಗಳನ್ನು ತಡೆಯಲೆಂದೇ ಬಂತು. ನಾನು ಕೂಡುತ್ತಿದ್ದ ಪಟ್ಟಿಗಳು ಅದಾಗಿ ಹದಿನೈದು ವರ್ಷಗಳ ಮೇಲಿನವು. ಕಾಯಿದೆ ತಾಲ್ಲೂಕು ಕಚೇರಿಯವರೆಗೆ ಬೇಗ ಬರುತ್ತದೆ, ಗದ್ದಿಗೆಯ ಮೇಲೆ ಕೂತ ಗುಮಾಸ್ತನ ಲೇಖನಿಯವರೆಗೆ ಬರುವುದು ನಿಧಾನ.

ವರ್ತಕರು ಊರಿಗೆ ಏನೂ ಮಾಡಲಿಲ್ಲವೆಂದರೆ ತಪ್ಪಾದೀತು. ಹತ್ತಿಯಿಂದ ಬೆಳೆದ ದಾವಣಗೆರೆಯಲ್ಲಿ ರಾಜನಹಳ್ಳಿ ಮನೆತನದ ಹೆಸರು ಛತ್ರಕ್ಕೂ ಉಂಟು, ಕಾಲೇಜಿಗೂ ಉಂಟು; ಜಗಳೂರು, ಹೊನ್ನಾಳಿ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಓದಿದರು. ಅಂಥ ದೊಡ್ಡ ದಾನಗಳ ಮಾತು ಬೇರೆ. ನಾನು ಹೇಳುತ್ತಿರುವುದು ಚೀಲಕ್ಕಿಷ್ಟೆಂದು ಹಿಡಿದ ಚಿಲ್ಲರೆಯ ಮಾತು. ಬಿ.ಎ. ಓದುವಾಗ ನಾನಿದ್ದ ಉಚಿತ ವಿದ್ಯಾರ್ಥಿನಿಲಯ ಅದೇ ಚಿಲ್ಲರೆಯಿಂದ ನಡೆಯುತ್ತಿತ್ತು. ಬಾಗಿಲ ಪಕ್ಕದ ಕಲ್ಲಿನಲ್ಲಿ ಮಂಡಿ ಸಾಹುಕಾರರ ಹೆಸರುಗಳು. ರಜೆಯಲ್ಲಿ ಹೇಳಿದಾಗ ಅಪ್ಪಾಜಿ ನಕ್ಕು, “ಹಂಗಾದ್ರೆ ನಮ್ಮ ಚೀಲದ ಹೆಸರೂ ಅಲ್ಲಿರಬೇಕಿತ್ತಲ್ಲವ್ವ” ಎಂದರು. ಆ ಅನ್ನ ನಾನು ಮೂರು ವರ್ಷ ಉಂಡಿದ್ದೇನೆ. ಋಣವೆನ್ನಲೋ, ನಮ್ಮದೇ ದುಡ್ಡೆನ್ನಲೋ ಎಂಬುದು ಇಂದಿಗೂ ಬಗೆಹರಿದಿಲ್ಲ.

ಬೆಳೆಗಾರರೇ ವ್ಯಾಪಾರಕ್ಕಿಳಿದ ಕಥೆ ಇನ್ನೊಂದು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ, 1939ರಲ್ಲಿ ಶಿವಮೊಗ್ಗದ ಮ್ಯಾಮ್‌ಕೋಸ್ ಆಗಿ ಅಡಿಕೆಗೂ ಬಂತು. ಆಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯವೇ. ದಾವಣಗೆರೆಗೆ ಸೇರಿದ್ದು 1997ರಲ್ಲಿ. ಮುಂದೆ ಚನ್ನಗಿರಿಯಲ್ಲಿಯೇ ತುಮ್ಕೋಸ್ ಹುಟ್ಟಿ ಬೆಳೆಯಿತು. ಇಂಥ ಸಂಘದ ಕೆಲಸದಲ್ಲಿ ಕಲ್ಲಿಗೆ ಕೆತ್ತಿಸುವಂಥದ್ದೇನೂ ಕಾಣುವುದಿಲ್ಲ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆಮಾಡಿ ಇಡುತ್ತಾರೆ, ಖರೀದಿದಾರರು ಟೆಂಡರ್ ಹಾಕುತ್ತಾರೆ. ದರ ಬಿದ್ದಿದ್ದರೆ ಮಾರಬೇಕಾಗಿಲ್ಲ; ಇಟ್ಟ ಮಾಲಿನ ಮೇಲೆ ಮುಂಗಡ ಸಿಗುತ್ತದೆ. ಈ ಮುಂಗಡವೇ ದೊಡ್ಡದು. ಅಪ್ಪಾಜಿ ಕಡಿಮೆ ದರಕ್ಕೆ ಮಾರಿದ್ದು ಮದುವೆಗೆ, ಗೊಬ್ಬರಕ್ಕೆ, ನನ್ನ ಫೀಸಿಗೆ. ದರದ ತಿಳಿವಳಿಕೆ ಇಲ್ಲದೆ ಅಲ್ಲ.

ಸಂಘವೂ ಎಲ್ಲರನ್ನೂ ಮುಟ್ಟುವುದಿಲ್ಲ. ತೋಟವನ್ನು ಮೊದಲೇ ಕೇಣಿಗೆ ಕೊಟ್ಟವನಿಗೆ ಅದರಿಂದ ಏನು ಬಂತು? ಮಳೆಯನ್ನೇ ನಂಬಿದ ಜಗಳೂರಿನ ಮೆಕ್ಕೆಜೋಳ ಒಕ್ಕಣೆಯಾದ ಕೂಡಲೇ ಲಾರಿ ಹತ್ತುವುದೇ ಹೆಚ್ಚು. ಹೊನ್ನಾಳಿ, ನ್ಯಾಮತಿಗಳ ಗದ್ದೆಗಳಲ್ಲಿ ಈಗ ಭತ್ತದ ಬದಲು ಅಡಿಕೆ ಸಸಿ ಏಳುತ್ತಿದೆ. ಇದರಿಂದ ನಾಟಿ ಮಾಡುವ ಹೆಂಗಸರ ಕೂಲಿ ಹೋಯಿತು, ಸುಲಿಯುವ ಕೂಲಿ ಬಂತು.

ಈಗ ತೋಟ ನೋಡಿಕೊಳ್ಳುವವನು ನನ್ನ ತಮ್ಮ. ಕಳೆದ ಸುಗ್ಗಿಯಲ್ಲಿ ಹೋದಾಗ ಸಂಘದ ಪಟ್ಟಿ ತೋರಿಸಿದ. ಹಳೆಯ ಅಭ್ಯಾಸದಿಂದ ಕಣ್ಣು ಕೆಳಗಿನ ಸಾಲಿಗೆ ಹೋಯಿತು, ಅದು ಇರಲಿಲ್ಲ. ಅಂಗಳದಲ್ಲಿ ಹತ್ತೆಂಟು ಹೆಂಗಸರು ಎರಡನೆಯ ಕೊಯ್ಲಿನ ಅಡಿಕೆ ಸುಲಿಯುತ್ತಿದ್ದರು. ಮೊದಲ ಕೊಯ್ಲಿನ ಮೇಲೆ ಪಡೆದ ಮುಂಗಡದಿಂದ ಅವರ ಕೂಲಿಯನ್ನು ತಮ್ಮ ಆ ಸಂಜೆಯೇ ಎಣಿಸಿ ಕೊಟ್ಟ. ನಮ್ಮ ತಾಯಿಯ ಕಾಲದಲ್ಲಿ ಅದೇ ಹೆಂಗಸರ ಅತ್ತೆಯರು ಮಂಡಿಯ ದುಡ್ಡು ಬರುವವರೆಗೆ ತಿಂಗಳುಗಟ್ಟಲೆ ಕಾದಿದ್ದರು.