ಥ್ರಾಂಬಿನ್: ಗಾಯದಿಂದ ಮಿದುಳಿನವರೆಗೆ

ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದಾಗ, ಥ್ರಾಂಬಿನ್ ಎಂಬ ಕಿಣ್ವವನ್ನು, ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಪ್ರೋಟೀನನ್ನು ಫೈಬ್ರಿನ್ ಎಳೆಗಳಾಗಿಸಿ ಗಾಯದ ಬಾಯಿ ಮುಚ್ಚುವ ಹೆಪ್ಪುಕಾರಕವೆಂದೇ ವೈದ್ಯಲೋಕ ಮುಖ್ಯವಾಗಿ ಅರಿತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಶ್ಮಿಟ್ ಹಾಕಿದ ಈ ಅಡಿಪಾಯದ ಮೇಲೆ, ಥ್ರಾಂಬಿನ್ ಕತ್ತರಿಸಿದೊಡನೆ ಜೀವಕೋಶದೊಳಗೆ ಸಂಕೇತ ಕಳಿಸುವ ಗ್ರಾಹಕ ಪ್ರೋಟೀನು 1991ರಲ್ಲಿ ಪತ್ತೆಯಾಗಿ ಹೊಸ ಅಧ್ಯಾಯ ತೆರೆಯಿತು. ಈ ಗ್ರಾಹಕವು ನರಕೋಶಗಳಲ್ಲೂ, ಅವುಗಳನ್ನು ಪೋಷಿಸುವ ನಕ್ಷತ್ರಾಕಾರದ ಆಸ್ಟ್ರೋಸೈಟ್ ಕೋಶಗಳಲ್ಲೂ ಇದೆಯೆಂದೂ, ಅತ್ಯಲ್ಪ ಪ್ರಮಾಣದ ಥ್ರಾಂಬಿನ್ ನರಕೋಶಗಳನ್ನು ಕಾಪಾಡಬಲ್ಲದಾದರೆ ಹೆಚ್ಚಿನ ಪ್ರಮಾಣ ಅವುಗಳನ್ನು ಕೊಲ್ಲಬಲ್ಲದೆಂದೂ ಪ್ರಯೋಗಗಳು ತೋರಿಸಿದವು. ಮಿದುಳಿನೊಳಗಿನ ರಕ್ತಸ್ರಾವದಿಂದ ಬರುವ ಪಾರ್ಶ್ವವಾಯುವಿನಲ್ಲಿ, ರಕ್ತವನ್ನು ತಡೆಯಲು ಹುಟ್ಟಿದ ಥ್ರಾಂಬಿನ್ನೇ ಸುತ್ತಲಿನ ಅಂಗಾಂಶದ ಊತಕ್ಕೂ ಕಾರಣವಾಗುವುದರಿಂದ, ರಕ್ತಶಾಸ್ತ್ರ ಮತ್ತು ನರವಿಜ್ಞಾನಗಳನ್ನು ಇಂದು ಒಟ್ಟಾಗಿಯೇ ಅಭ್ಯಸಿಸಬೇಕಾಗಿದೆ.