ಸ್ಟೀರಾಯ್ಡ್ ಮಾತ್ರೆಯ ಹೊತ್ತು ಮತ್ತು ಮುಂಜಾನೆಯ ಕೀಲುಬಿಗಿತ

ರುಮಟಾಯ್ಡ್ ಸಂಧಿವಾತದಂಥ ಉರಿಯೂತದ ಕಾಯಿಲೆಗಳಲ್ಲಿ ಬೆಳಗಿನ ಹೊತ್ತು ಕೀಲು ಹಿಡಿದುಕೊಳ್ಳುತ್ತದೆ. ಅದನ್ನು ತಗ್ಗಿಸಲು ಸ್ಟೀರಾಯ್ಡ್ ಮಾತ್ರೆಯನ್ನು ಯಾವಾಗ ನುಂಗಬೇಕು ಎಂಬ ಚರ್ಚೆಗೆ ಸುಮಾರು 60 ವರ್ಷ ವಯಸ್ಸಾಗಿದೆ. ನಮ್ಮಲ್ಲಿ ಅದರ ತೀರ್ಮಾನ ಮೂರೇ ಅಂಕಿಗಳಲ್ಲಿ ಚೀಟಿಯ ಮೇಲೆ ಬರೆದಿರುತ್ತದೆ: 1-0-0. ಬೆಳಿಗ್ಗೆ ಒಂದು, ಮಧ್ಯಾಹ್ನಕ್ಕಿಲ್ಲ, ರಾತ್ರಿಗಿಲ್ಲ. ವಿಶಾಖಪಟ್ಟಣದ ದ್ವಾರಕಾ ನಗರದ ಔಷಧಿ ಅಂಗಡಿಯವನಿಗೂ ಬಳ್ಳಾರಿಯವನಿಗೂ ಇದನ್ನು ಓದಲು ಭಾಷೆಯ ತೊಡಕಿಲ್ಲ. ಆದರೆ ಆ ಒಂದು ಮೊದಲನೆಯ ಮನೆಯಲ್ಲಿ ಕೂತದ್ದು ಕೀಲಿನ ಹಿತಕ್ಕಲ್ಲ, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹಿತಕ್ಕೆ. ಈ ಚರ್ಚೆಯ ಚರಿತ್ರೆಯೆಲ್ಲ ಗ್ರಂಥಿಯ ಹೊತ್ತಿಗೂ ಕೀಲಿನ ಹೊತ್ತಿಗೂ ನಡೆದ ಜಗ್ಗಾಟ.

ಹೊತ್ತು ನೋಡಿ ಮದ್ದು ಕೊಡುವುದು ಈ ನೆಲಕ್ಕೆ ಹೊಸತೇನಲ್ಲ. ಶಾರ್ಙ್ಗಧರ ಸಂಹಿತೆ ಔಷಧಿ ಸೇವನೆಗೆ ಐದು ಕಾಲಗಳನ್ನು ಹೇಳುತ್ತದೆ: ಸೂರ್ಯೋದಯ, ಹಗಲೂಟ, ಸಂಜೆಯೂಟ, ಮತ್ತೆ ಮತ್ತೆ, ಹಾಗೂ ರಾತ್ರಿ. ಮಾಧವ ನಿದಾನವು ಆಮವಾತವನ್ನು ವಿವರಿಸುವಾಗ ಮೈ ಸ್ತಬ್ಧವಾಗುವುದನ್ನೇ ಅದರ ಗುರುತಾಗಿ ಎತ್ತಿ ಹೇಳುತ್ತದೆ.

ಲಕ್ಷಣ

ರೋಗಿಗಳು ಇದನ್ನು ನೋವೆಂದು ಹೇಳುವುದು ಕಡಿಮೆ. ಕೀಲು ಹಿಡಿದುಕೊಂಡಿದೆ, ಕೈ ಸೆಟೆದಿದೆ, ಮುಷ್ಟಿ ಕಟ್ಟಲಾಗುವುದಿಲ್ಲ, ಲೋಟ ಹಿಡಿಯಲಾಗುವುದಿಲ್ಲ ಎನ್ನುತ್ತಾರೆ. ಕರಾವಳಿ ಆಂಧ್ರದ ತೆಲುಗಿನಲ್ಲಿ 'ಕೀಳ್ಳು ಪಟ್ಟೇಶಾಯಿ' ಎಂಬುದು ಕನ್ನಡದ 'ಹಿಡಿದುಕೊಂಡಿದೆ'ಗೆ ಅಕ್ಕಪಕ್ಕದ ಮಾತು. ವಯಸ್ಸಿನಿಂದ ಸವೆದ ಮಂಡಿಯೂ ಬೆಳಿಗ್ಗೆ ಹಿಡಿದುಕೊಳ್ಳುತ್ತದೆ, ಆದರೆ ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ. ಉರಿಯೂತದ ಬಿಗಿತ ಹಾಗಲ್ಲ. ಗಂಟೆ ಕಳೆದರೂ ಬಿಡದಿರಬಹುದು. ಅಮೆರಿಕದ ರುಮಟಾಲಜಿ ವೈದ್ಯರ ಸಂಘ 1987ರಲ್ಲಿ ಪಟ್ಟಿ ಮಾಡಿದ ರೋಗವರ್ಗೀಕರಣದ ಮಾನದಂಡಗಳಲ್ಲಿ ಮೊದಲನೆಯದೇ ಕನಿಷ್ಠ ಒಂದು ಗಂಟೆಯ ಮುಂಜಾನೆಯ ಬಿಗಿತ. 2010ರ ಹೊಸ ಪಟ್ಟಿಯಲ್ಲಿ ಅದನ್ನು ಕೈಬಿಟ್ಟರು. ರಕ್ತಪರೀಕ್ಷೆಯ ಅಂಕಿಗಳು ಬಂದು ಕೂತ ಜಾಗದಲ್ಲಿ ರೋಗಿಯ ಮಾತು ಎದ್ದುಹೋಯಿತು ಎನ್ನಬಹುದು.

ಭಾರತದಲ್ಲಿ ಈ ಕಾಯಿಲೆ ಅಪರೂಪವೂ ಅಲ್ಲ. ಎ. ಎನ್. ಮಾಳವೀಯ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ರುಮಟಾಯ್ಡ್ ಸಂಧಿವಾತದ ಪ್ರಮಾಣ ಶೇಕಡಾ 0.75.

ಕಾಂಪೌಂಡ್ ಇ

ಅಮೆರಿಕದ ರಾಚೆಸ್ಟರ್ ಊರಿನ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ 1929ರಲ್ಲಿ ಒಂದು ವಿಚಿತ್ರ ಗಮನಿಸಿದ. ಸಂಧಿವಾತದ ರೋಗಿಯೊಬ್ಬನಿಗೆ ಕಾಮಾಲೆ ಬಂತು, ಕೀಲುನೋವು ಹೋಯಿತು. ಗರ್ಭಿಣಿಯರಲ್ಲೂ ಹೀಗೆಯೇ ಕಾಯಿಲೆ ಇಳಿಯುವುದು ಕಂಡಿತು. ಮೈಯೊಳಗೇ ಯಾವುದೋ ಮದ್ದು ತಯಾರಾಗುತ್ತಿದೆ ಎಂದು ಅವನು ಊಹಿಸಿದ. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ 'ಕಾಂಪೌಂಡ್ ಇ' (ಮುಂದೆ ಕಾರ್ಟಿಸೋನ್ ಎಂದು ಹೆಸರಾದದ್ದು) ಆ ಮದ್ದಿರಬಹುದೇ ಎಂದು ನೋಡಲು 19 ವರ್ಷ ಕಾಯಬೇಕಾಯಿತು. ದನದ ಪಿತ್ತರಸದಿಂದ ಹತ್ತಾರು ಹಂತಗಳಲ್ಲಿ ಅದನ್ನು ತಯಾರಿಸಬೇಕಿತ್ತು. 1948ರ ಸೆಪ್ಟೆಂಬರ್ 21ರಂದು 29 ವರ್ಷದ ಹೆಂಗಸೊಬ್ಬಳಿಗೆ ಮೊದಲ ಸೂಜಿ ಚುಚ್ಚಿದರು. ಮೂರನೇ ದಿನ ಅವಳು ಹಾಸಿಗೆಯಲ್ಲಿ ಸಲೀಸಾಗಿ ಹೊರಳಿದಳು. ವಾರ ತುಂಬುವಷ್ಟರಲ್ಲಿ ಪೇಟೆಗೆ ಹೋಗಿ ಮೂರು ಗಂಟೆ ಸುತ್ತಿ ಬಂದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯುಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆಗ ಹೊತ್ತಿನ ಪ್ರಶ್ನೆಯೇ ಇರಲಿಲ್ಲ. ದಿನಕ್ಕೆ 100 ಮಿಲಿಗ್ರಾಂ ಕಾರ್ಟಿಸೋನ್ ಸುರಿದರೆ ಗಡಿಯಾರ ಯಾರಿಗೆ ಬೇಕು? ಮುಖ ದುಂಡಗಾಗಿ, ಮೂಳೆ ಟೊಳ್ಳಾಗಿ, ಸಕ್ಕರೆ ಏರಿ, ಮದ್ದು ನಿಲ್ಲಿಸಿದೊಡನೆ ರೋಗಿ ಕುಸಿಯತೊಡಗಿದಾಗ ಪ್ರಮಾಣ ಇಳಿಸುವ ಮಾತು ಬಂತು. 1955ರಲ್ಲಿ ಪ್ರೆಡ್ನಿಸೋನ್ ಮಾರುಕಟ್ಟೆಗೆ ಬಂದು ಮಿಲಿಗ್ರಾಂಗಳು ಕಡಿಮೆಯಾದವು. ಸಣ್ಣ ಪ್ರಮಾಣಕ್ಕೆ ಇಳಿದ ಮೇಲೆಯೇ ಗಳಿಗೆಗೆ ಬೆಲೆ ಬಂದದ್ದು.

ಗ್ರಂಥಿಯ ಹೊತ್ತು

ಮೈಯ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ತಳ ಮುಟ್ಟಿ, ನಸುಕಿನಲ್ಲಿ ಏರುತ್ತ, ಎದ್ದ ಹೊತ್ತಿಗೆ ಶಿಖರ ತಲುಪುತ್ತದೆ. ಗ್ರೆಗರಿ ಪಿಂಕಸ್ 1943ರಲ್ಲೇ ಮೂತ್ರದಲ್ಲಿನ ಸ್ಟೀರಾಯ್ಡ್‌ಗಳ ಹಗಲು-ರಾತ್ರಿ ಏರಿಳಿತವನ್ನು ವರದಿ ಮಾಡಿದ್ದ. ಇಂಥ ಲಯಗಳಿಗೆ 'ಸರ್ಕೇಡಿಯನ್' ಎಂಬ ಹೆಸರನ್ನು 1959ರಲ್ಲಿ ಕೊಟ್ಟವನು ಫ್ರಾಂಝ್ ಹಾಲ್ಬರ್ಗ್.

1965ರಲ್ಲಿ ನಿಕೋಲ್ಸ್, ನ್ಯೂಜೆಂಟ್ ಮತ್ತು ಟೈಲರ್ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಒಂದೇ ಪ್ರಮಾಣದಲ್ಲಿ ಬೆಳಿಗ್ಗೆ, ಸಂಜೆ, ನಡುರಾತ್ರಿ ಕೊಟ್ಟು ನೋಡಿದರು. ಬೆಳಿಗ್ಗೆ ಕೊಟ್ಟರೆ ಗ್ರಂಥಿ ಅಷ್ಟಾಗಿ ಕುಗ್ಗಲಿಲ್ಲ. ನಡುರಾತ್ರಿ ಕೊಟ್ಟರೆ ಮರುದಿನವಿಡೀ ಮಂಕಾಯಿತು. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ನಸುಕಿನಲ್ಲಿ ಅಡ್ರಿನಲ್‌ಗೆ ಅಪ್ಪಣೆ ಕಳಿಸುವ ಗಳಿಗೆಯಲ್ಲೇ ಹೊರಗಿನ ಮದ್ದು ರಕ್ತದಲ್ಲಿದ್ದರೆ, ಅಪ್ಪಣೆ ಹೊರಡುವುದೇ ಇಲ್ಲ. ಆ ಪ್ರಯೋಗಕ್ಕೆ ಎರಡು ವರ್ಷ ಮೊದಲೇ ಬಾಸ್ಟನ್‌ನ ಹಾರ್ಟರ್, ರೆಡ್ಡಿ ಮತ್ತು ಥಾರ್ನ್ ದಿನ ಬಿಟ್ಟು ದಿನ ಕೊಡುವ ಕ್ರಮವನ್ನು ಪ್ರಕಟಿಸಿದ್ದರು. ಅದರ ಗುರಿಯೂ ಗ್ರಂಥಿಯನ್ನು ಉಳಿಸುವುದೇ. ಬೆಳಿಗ್ಗೆ ಎಂಟರ ಮಾತ್ರೆ ಹೀಗೆ ಪಾಠವಾಯಿತು. ನಮ್ಮ ವೈದ್ಯರು ಅದಕ್ಕೆ 'ತಿಂಡಿಯಾದ ಮೇಲೆ' ಎಂದು ಸೇರಿಸಿದರು.

ಆದರೆ ಪ್ರೆಡ್ನಿಸೋನ್ ಬಳಗದ್ದೇ ಆದ ಪ್ರೆಡ್ನಿಸೋಲೋನ್ ನುಂಗಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಏರಲು ಒಂದೆರಡು ಗಂಟೆ ಬೇಕು, ಉರಿಯೂತ ಇಳಿಯಲು ಇನ್ನೂ ಹೊತ್ತು ಬೇಕು. ಎಂಟೂವರೆಗೆ ಇಡ್ಲಿ ತಿಂದು ನುಂಗಿದ ಮಾತ್ರೆ ಕೆಲಸಕ್ಕೆ ಇಳಿಯುವಷ್ಟರಲ್ಲಿ ಬಿಗಿತ ತಾನಾಗಿ ಕರಗತೊಡಗಿರುತ್ತದೆ. ಉರಿ ಹತ್ತಿದ ಮನೆಗೆ ಹೊಗೆ ಆರಿದ ಮೇಲೆ ನೀರು ತಂದ ಹಾಗೆ.

ಕೀಲಿನ ಹೊತ್ತು

ರೋಗಿಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ದೂತ ನಡುರಾತ್ರಿ ಕಳೆದ ಮೇಲೆ ರಕ್ತದಲ್ಲಿ ಏರುತ್ತ ಹೋಗಿ ನಸುಕಿನಲ್ಲಿ ತುದಿ ಮುಟ್ಟುತ್ತದೆ. ಅದನ್ನು ತಗ್ಗಿಸಬೇಕಾದ ಕಾರ್ಟಿಸಾಲ್ ಆ ಹೊತ್ತಿಗೆ ಉರಿಯೂತಕ್ಕೆ ತಕ್ಕಷ್ಟು ಇರುವುದಿಲ್ಲ. ಇಷ್ಟು ವಿವರ ತಿಳಿಯುವ ಮೊದಲೇ, 1964ರಲ್ಲಿ ಇಂಗ್ಲೆಂಡಿನ ಡಿ ಆಂಡ್ರಾಡೆ ಮತ್ತು ಸಂಗಡಿಗರು ಸಣ್ಣ ಪ್ರಮಾಣದ ಪ್ರೆಡ್ನಿಸೋಲೋನ್ ಅನ್ನು ರಾತ್ರಿ ಕೊಡುವುದರ ಪರವಾಗಿ ಬರೆದಿದ್ದರು. ಮರುವರ್ಷ ಗ್ರಂಥಿಯ ಪ್ರಯೋಗ ಬಂದು ಆ ಮಾತು ಮೂಲೆಗೆ ಸರಿಯಿತು.

ಅದು ಮತ್ತೆ ಎದ್ದದ್ದು 1997ರಲ್ಲಿ, ಸ್ವೀಡನ್‌ನಲ್ಲಿ. ಆರ್ವಿಡ್‌ಸನ್ ಮತ್ತು ಸಂಗಡಿಗರು 26 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ನಡುರಾತ್ರಿ ದಾಟಿ 2 ಗಂಟೆಗೆ, ಇನ್ನೊಂದಕ್ಕೆ ಬೆಳಿಗ್ಗೆ ಏಳೂವರೆಗೆ, 5 ಅಥವಾ 7.5 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಕೊಟ್ಟರು. ಎರಡು ಗಂಟೆಯವರ ಬಿಗಿತ, ನೋವು, ಇಂಟರ್‌ಲ್ಯೂಕಿನ್-6 ಮೂರೂ ಚೆನ್ನಾಗಿ ಇಳಿದವು. ಸಣ್ಣ ಪ್ರಯೋಗ, ನಡೆದದ್ದು ನಾಲ್ಕೇ ದಿನ, ಆದರೂ ತುಂಬ ಚೊಕ್ಕದು. ಸಮಸ್ಯೆ ಒಂದೇ: ಜೀವಮಾನವಿಡೀ ಎರಡು ಗಂಟೆಗೆ ಎದ್ದು ಮಾತ್ರೆ ನುಂಗುವವರು ಯಾರು? ನಿದ್ದೆಯೇ ಮದ್ದಾಗಿರುವ ಕಾಯಿಲೆಯಲ್ಲಿ ನಿದ್ದೆಗೆಡಿಸಿ ಮದ್ದು ಕೊಟ್ಟಂತಾಗುತ್ತದೆ.

ಉತ್ತರ ಮಾತ್ರೆಯ ಹೊದಿಕೆಯಲ್ಲಿ ಸಿಕ್ಕಿತು. ರಾತ್ರಿ ಹತ್ತಕ್ಕೆ ನುಂಗಿದರೆ ಸುಮಾರು ನಾಲ್ಕು ಗಂಟೆಯ ನಂತರ ಒಡೆದುಕೊಳ್ಳುವ ಪ್ರೆಡ್ನಿಸೋನ್ ಮಾತ್ರೆಯೊಂದನ್ನು ಯುರೋಪಿನಲ್ಲಿ ರೂಪಿಸಿದರು. ಫ್ರಾಂಕ್ ಬುಟ್‌ಗೆರೈಟ್ ಮತ್ತು ಸಂಗಡಿಗರು 288 ರೋಗಿಗಳ ಮೇಲೆ 12 ವಾರ ನಡೆಸಿದ 'ಕಾಪ್ರಾ-1' ಪ್ರಯೋಗ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬಿಗಿತದ ಅವಧಿ ಹೊಸ ಮಾತ್ರೆಯವರಲ್ಲಿ ಸರಾಸರಿ 44 ನಿಮಿಷ ತಗ್ಗಿತು, ಬೆಳಗಿನ ಸಾದಾ ಮಾತ್ರೆಯವರಲ್ಲಿ ಅಷ್ಟು ತಗ್ಗಲಿಲ್ಲ. ಎರಡು ಗುಂಪುಗಳ ವ್ಯತ್ಯಾಸ ಸುಮಾರು 29 ನಿಮಿಷ. ಕೇಳಲು ಅಲ್ಪ, ಆದರೆ ಮಕ್ಕಳ ಶಾಲೆಯ ಡಬ್ಬಿ ತುಂಬಿಸುವ ಹೊತ್ತಿನಲ್ಲಿ ಅಷ್ಟು ಸಿಕ್ಕರೆ ಸಣ್ಣದಲ್ಲ. ಅಮೆರಿಕದ ಔಷಧ ಆಡಳಿತ 2012ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, ಅಲ್ಲಿ ಹೆಸರು ರೇಯೋಸ್. ರಾತ್ರಿಯ ಮದ್ದು ಗ್ರಂಥಿಯನ್ನು ಕೆಡಿಸೀತೆಂಬ ಹಳೆಯ ಭಯವನ್ನೂ ಪರೀಕ್ಷಿಸಿದರು. ಈಗಾಗಲೇ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಮೇಲಿರುವವರಲ್ಲಿ ಹೆಚ್ಚಿನ ಹಾನಿ ಕಾಣಲಿಲ್ಲ.

ಭುಜ-ಸೊಂಟಗಳನ್ನು ಹಿಡಿಯುವ, ಮುದಿವಯಸ್ಸಿನ ಪಾಲಿಮಯಾಲ್ಜಿಯಾ ರುಮಾಟಿಕಾ ಕಾಯಿಲೆಗೆ ಬಂದ 2015ರ ಅಂತರರಾಷ್ಟ್ರೀಯ ಸಲಹೆ ದಿನಕ್ಕೆ ಒಂದೇ ಸಲದ ಮಾತ್ರೆಯತ್ತ ಒಲಿಯುತ್ತದೆ. ರಾತ್ರಿನೋವು ಹೆಚ್ಚಿದ್ದು ಪ್ರಮಾಣ 5 ಮಿಲಿಗ್ರಾಂಗಿಂತ ಇಳಿಯುತ್ತಿರುವಾಗ ಮಾತ್ರ ಭಾಗ ಮಾಡಲು ಬಿಡುತ್ತದೆ.

ಆಂಧ್ರ, ಕರ್ನಾಟಕಗಳಲ್ಲಿ

ಮೈಯ ಗಡಿಯಾರದ ವಿಜ್ಞಾನ ನಮ್ಮ ಅಂಗಳದಲ್ಲೇ ನಡೆದಿದೆ. ಎಂ. ಕೆ. ಚಂದ್ರಶೇಖರನ್ ಮದುರೈಯಲ್ಲಿ ಬಾವಲಿಗಳ ಲಯವನ್ನೂ, ಹಗಲು-ರಾತ್ರಿ ತಿಳಿಯದ ಕೋಣೆಯಲ್ಲಿ ಮನುಷ್ಯರ ಲಯವನ್ನೂ ಅಳೆದರು. ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಆ ಕೆಲಸ ಹಣ್ಣುನೊಣಗಳ ಮೇಲೆ ಮುಂದುವರಿಯಿತು. ಚೀಟಿಯ 1-0-0 ಮಾತ್ರ ಹಾಗೇ ಇದೆ.

ಸಂಧಿವಾತದ ಇನ್ನೊಂದು ಮುಖ್ಯ ಮದ್ದಿನ ಬೇರು ಆಂಧ್ರದ ಡೆಲ್ಟಾದಲ್ಲಿದೆ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮೆಥೋಟ್ರೆಕ್ಸೇಟ್ ಬಳಗದ ಮದ್ದುಗಳನ್ನು ತಯಾರಿಸಿದ ತಂಡದ ನಾಯಕರು. ಅವರು ತೀರಿಕೊಂಡದ್ದು 1948ರ ಆಗಸ್ಟ್‌ನಲ್ಲಿ, ಹೆಂಚ್‌ನ ಮೊದಲ ಸೂಜಿಗೆ ಆರು ವಾರ ಮುಂಚೆ. ಇಂದು ಒಂದೇ ಚೀಟಿಯಲ್ಲಿ ಎರಡೂ ಮದ್ದು ಇರುತ್ತವೆ. ಸ್ಟೀರಾಯ್ಡ್‌ನಲ್ಲಿ ಗಂಟೆ ತಪ್ಪಿದರೆ ಬೆಳಗೊಂದು ಕೆಡುತ್ತದೆ. ವಾರಕ್ಕೊಮ್ಮೆ ನುಂಗಬೇಕಾದ ಮೆಥೋಟ್ರೆಕ್ಸೇಟ್ ಅನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಎಚ್ಚರದ ವೈದ್ಯರು ವಾರದ ಹೆಸರನ್ನೇ ಬರೆದು ಅಡಿಗೆರೆ ಎಳೆಯುತ್ತಾರೆ.

2006ರ ಚಿಕುನ್‌ಗುನ್ಯ ಮುಂಜಾನೆಯ ಬಿಗಿತವನ್ನು ಮನೆಮನೆಯ ಮಾತು ಮಾಡಿತು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕದ್ದು. ಜ್ವರ ಇಳಿದು ತಿಂಗಳಾದರೂ ಕೈ ಬಿಚ್ಚದವರು ಸ್ಟೀರಾಯ್ಡ್‌ನ ರುಚಿ ಕಂಡದ್ದುಂಟು, ಕೆಲವರು ಹೆಸರಿಲ್ಲದ ಪುಡಿಯ ಪೊಟ್ಟಣದಲ್ಲಿ. ಅಂಥ ಪುಡಿಗೆ ಹೊತ್ತೂ ಇಲ್ಲ, ಅಳತೆಯೂ ಇಲ್ಲ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ, ಮಲಗಿಹೋದ ಗ್ರಂಥಿ ಏಳದೆ ರಕ್ತದೊತ್ತಡ ಕುಸಿಯುತ್ತದೆ. ಇಲ್ಲಿ ಸಕ್ಕರೆ ಕಾಯಿಲೆಯ ಲೆಕ್ಕವೂ ಸೇರುತ್ತದೆ. ಬೆಳಗಿನ ಪ್ರೆಡ್ನಿಸೋಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ, ಹಾಗಾಗಿ ಬರಿಹೊಟ್ಟೆಯ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಹೊತ್ತು ಬದಲಿಸಿದರೆ ಸಕ್ಕರೆ ಏರುವ ಹೊತ್ತೂ ಬದಲಾಗುತ್ತದೆ, ಕೆಲವರಿಗೆ ನಿದ್ದೆ ಹಾರುತ್ತದೆ. ಆದ್ದರಿಂದ 1-0-0 ಅನ್ನು 0-0-1 ಮಾಡುವುದು ರೋಗಿ ತಾನೇ ತೀರ್ಮಾನಿಸುವ ವಿಷಯವಲ್ಲ.

ಶ್ರೀಕಾಕುಳಂ, ವಿಜಯನಗರಂ ಕಡೆಯ ರೋಗಿಗಳು ವಿಶಾಖಪಟ್ಟಣದ ದ್ವಾರಕಾ ಬಸ್ ನಿಲ್ದಾಣದಲ್ಲಿ ಇಳಿದು, 1923ರಷ್ಟು ಹಳೆಯದಾದ ಕಿಂಗ್ ಜಾರ್ಜ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಬೆಳಗು ಏರಿರುತ್ತದೆ. ರಕ್ತ ಕೊಡಲೆಂದು ಉಪವಾಸ ಬಂದವರ 'ತಿಂಡಿಯಾದ ಮೇಲಿನ' ಮಾತ್ರೆ ಆ ದಿನ ಹನ್ನೊಂದಕ್ಕೆ ಜಾರುತ್ತದೆ. ವೈದ್ಯರ ಮುಂದೆ ಕೂರುವಾಗ ಕೈ ಬಿಚ್ಚಿಕೊಂಡು, ಮುಷ್ಟಿ ಸರಾಗವಾಗಿ ಕಟ್ಟುತ್ತದೆ. ಎಷ್ಟು ಹೊತ್ತು ಹಿಡಿದುಕೊಂಡಿತ್ತು ಎಂದು ವೈದ್ಯರು ಕೇಳಿದರೆ ಉತ್ತರಕ್ಕೆ ರೋಗಿಯ ನೆನಪೊಂದೇ ಆಧಾರ. ಆ ನೆನಪಿಗೂ ನಿಮಿಷಗಳ ಲೆಕ್ಕವಿರುವುದಿಲ್ಲ: ಹಾಲು ಕಾಯಿಸುವ ತನಕ, ನಲ್ಲಿ ನೀರು ಬರುವ ತನಕ, ಮಗ ಕಾಲೇಜಿಗೆ ಹೊರಡುವ ತನಕ.